ಸಹಾಯ ಬೇಕು: ಕಿಡ್ನಿ ಕೊಡಲು ಬಂದ ಸಂಬಂಧಿಕರನ್ನು ಕೇಳಬೇಕಾದ ಪ್ರಶ್ನೆಗಳು

ಕಸಿ ವಿಭಾಗಗಳಲ್ಲಿ ಆಪ್ತಸಮಾಲೋಚನೆ ಮಾಡುವವರ ನೆರವು ಬೇಕಾಗಿದೆ. ಕುಟುಂಬದೊಳಗಿನ ದಾನಿಗಳಿಗಾಗಿ ಕನ್ನಡದಲ್ಲಿ ಪ್ರಶ್ನೆಪಟ್ಟಿ ಸಿದ್ಧಪಡಿಸುತ್ತಿದ್ದೇವೆ. ಎರಡು ಕಡೆ ಸರಿಯಾದ ಮಾತು ಸಿಗುತ್ತಿಲ್ಲ.

ಮೊದಲನೆಯದು ಒತ್ತಡ. "ಸ್ವಇಚ್ಛೆಯಿಂದ ಕೊಡುತ್ತಿದ್ದೀರಾ?" ಎಂದರೆ ಹೌದು ಎಂದೇ ಉತ್ತರ ಬರುತ್ತದೆ, ಮನೆಯವರು ಪಕ್ಕದಲ್ಲಿದ್ದರಂತೂ ಬೇರೆ ಉತ್ತರಕ್ಕೆ ಜಾಗವೇ ಇಲ್ಲ. ಹಾಗಾಗಿ ದಾನಿಯನ್ನು ಒಬ್ಬರನ್ನೇ ಕೂರಿಸಿ, ರೋಗಿಯ ಚಿಕಿತ್ಸೆಯಲ್ಲಿ ಪಾಲಿಲ್ಲದವರು ಮಾತಾಡಿಸಬೇಕು. "ಈ ಮಾತು ಮೊದಲು ಎತ್ತಿದ್ದು ಯಾರು? ಬೇಡ ಎಂದರೆ ಮನೆಯಲ್ಲಿ ಏನಾಗುತ್ತದೆ?" ಎಂದು ಬರೆದಿದ್ದೇವೆ. ಇದಕ್ಕಿಂತ ಮೃದುವಾಗಿ ಕೇಳುವ ಬಗೆ ಇದೆಯೇ? ಹಿಂದೆ ಸರಿದವರ ಬಗ್ಗೆ ಕುಟುಂಬಕ್ಕೆ "ದಾನಕ್ಕೆ ಸೂಕ್ತರಲ್ಲ" ಎಂದಷ್ಟೇ ತಿಳಿಸಿದರೆ ಸಾಕು. ಇಲ್ಲದ ಕಾಯಿಲೆಯ ಹೆಸರು ಹೇಳುವುದು ತಪ್ಪು. ಆ ಸುಳ್ಳು ಅವರ ವೈದ್ಯಕೀಯ ದಾಖಲೆಗೂ ಸೇರಿಕೊಳ್ಳಬಹುದು.

ಎರಡನೆಯದು ಇನ್ನೂ ಕಷ್ಟ. ದಾನಿಯ ಅಂಗಾಂಶ ರೋಗಿಗೆ ಎಷ್ಟು ಹೊಂದುತ್ತದೆ ಎಂದು ನೋಡುವ ಎಚ್‌ಎಲ್‌ಎ ಪರೀಕ್ಷೆಯಲ್ಲಿ ಹೆತ್ತವರಿಗೂ ಮಗುವಿಗೂ ಅರ್ಧದಷ್ಟಾದರೂ ಹೊಂದಾಣಿಕೆ ಇರುತ್ತದೆ. ತಂದೆಯೊಂದಿಗೆ ಅದೂ ಇಲ್ಲದಿದ್ದರೆ ಯಾರೂ ಕೇಳದ ಗುಟ್ಟೊಂದು ಬಯಲಾಗುತ್ತದೆ. ಅಂಥದ್ದು ಕಂಡುಬಂದರೆ ತಿಳಿಸಬೇಕೇ ಬೇಡವೇ ಎಂದು ರಕ್ತ ತೆಗೆಯುವ ಮೊದಲೇ ಕೇಳಿಕೊಳ್ಳಬೇಕು, ಆಮೇಲೆ ಕೇಳಿದರೆ ಪ್ರಶ್ನೆಯೇ ಉತ್ತರವಾಗಿಬಿಡುತ್ತದೆ. ತಾಯಿಯ ಮೇಲೆ ಅನುಮಾನ ಹುಟ್ಟದಂತೆ ಇದನ್ನು ಹೇಗೆ ಕೇಳುತ್ತೀರಿ? ನೀವು ಬಳಸುವ ವಾಕ್ಯವನ್ನೇ ದಯವಿಟ್ಟು ಬರೆದು ತಿಳಿಸಿ. ರೋಗಿಗಳ ವಿವರ ಬೇಡ.