ಕಾಲು ಊರಬಾರದು ಅಂದಿದ್ದಾರೆ: ವಾಕರ್ರಾ, ನೀ ಸ್ಕೂಟರ್ರಾ? ಕ್ಲೇಮ್ ಆಗುತ್ತಾ?

ಪ್ರಶ್ನೆ (ಗುಬ್ಬಿ): ನಮ್ಮಣ್ಣನಿಗೆ 38 ವರ್ಷ. ಬೈಕಿಂದ ಬಿದ್ದು ಬಲಗಾಲಿನ ಆಂಕಲ್ ಮುರಿದು ಪ್ಲೇಟ್ ಹಾಕಿದ್ದಾರೆ. ಆರು ವಾರ ಕಾಲು ಊರಲೇಬಾರದಂತೆ. ಊರುಗೋಲು ಹಿಡಿದರೆ ಕಂಕುಳು ನೋವು, ಕೈ ಜೋಮು. ಮಂಡಿ ಇಟ್ಟು ತಳ್ಳಿಕೊಂಡು ಹೋಗೋ ನೀ ಸ್ಕೂಟರ್, ಮಂಡಿ ಕೆಳಗೆ ಕಟ್ಟಿಕೊಂಡು ಕೈ ಬಿಟ್ಟು ನಡೆಯೋ ಊರುಗೋಲು ಎರಡನ್ನೂ ಯೂಟ್ಯೂಬಲ್ಲಿ ನೋಡಿದ್ದಾನೆ. ಯಾವುದು ತಗೊಳ್ಳೋದು? ಆಸ್ಪತ್ರೆ ಬಿಲ್ಲಲ್ಲಿದ್ದ ವಾಕರ್ ದುಡ್ಡನ್ನೇ ಇನ್ಶೂರೆನ್ಸಿನವರು ಕಟ್ ಮಾಡಿದ್ದಾರೆ, ಇದಕ್ಕೆ ಕೊಡ್ತಾರಾ?

ಉತ್ತರ (ಫಿಸಿಯೋಥೆರಪಿಸ್ಟ್, ತುಮಕೂರು): ಮೊದಲು ಜೋಮು. ಬಹುಶಃ ಊರುಗೋಲಿನ ಎತ್ತರ ಜಾಸ್ತಿಯಾಗಿದೆ. ಪ್ಯಾಡ್ ಕಂಕುಳಿಗಿಂತ ಎರಡು ಮೂರು ಬೆರಳು ಕೆಳಗಿರಬೇಕು, ಮೊಣಕೈ 20ರಿಂದ 30 ಡಿಗ್ರಿ ಬಾಗಿರಬೇಕು, ಭಾರವೆಲ್ಲ ಅಂಗೈ ಮೇಲೆ. ಕಂಕುಳಲ್ಲಿ ನೇತಾಡಿದರೆ ನರ ಅದುಮಿ ಮಣಿಕಟ್ಟು ಎತ್ತಲಾಗದೆ ಜೋತುಬೀಳೋದೂ ಉಂಟು. ಇವತ್ತೇ ಇಳಿಸಿ. ಇಳಿಸಿದ ಮೇಲೂ ಜೋಮು ಹೋಗದಿದ್ದರೆ ಡಾಕ್ಟರಿಗೆ ತೋರಿಸಿ.

ನೀ ಸ್ಕೂಟರ್ ಮಂಡಿ ಕೆಳಗಿನ ಗಾಯಕ್ಕೆ ಮಾತ್ರ, ಮಂಡಿಯೂ ತೊಡೆಯೂ ಗಟ್ಟಿ ಇರಬೇಕು. ಅಣ್ಣನ ಗಾಯಕ್ಕೆ ಒಗ್ಗುತ್ತೆ, ಆದರೆ ಮನೆಗೆ ಒಗ್ಗಬೇಕಲ್ಲ! ಹೊಸ್ತಿಲು, ಬಚ್ಚಲಿನ ಇಳುಕು, ಬಾಗಿಲಾಚೆ ಚಪ್ಪಡಿ ಕಲ್ಲು, ಅದರಾಚೆ ಜಲ್ಲಿ. ಚಿಕ್ಕ ಚಕ್ರ ಸಿಕ್ಕಿಕೊಂಡರೆ ಮುಗ್ಗರಿಸಿ ಬೀಳೋದು ಅದೇ ಆಪರೇಷನ್ ಆದ ಕಾಲಿನ ಮೇಲೆ. ಟೈಲ್ಸ್ ನೆಲದ ಆಫೀಸು, ಲಿಫ್ಟ್ ಇದ್ದರೆ ನಾನೇ ಬರೆದುಕೊಡ್ತೀನಿ, ಅದೂ ಬಾಡಿಗೆಗೆ. ಆರು ವಾರಕ್ಕೆ ಕೊಂಡುಕೊಂಡು ಅಟ್ಟಕ್ಕೆ ಹಾಕೋದ್ಯಾಕೆ?

ಕೈ ಬಿಟ್ಟು ನಡೆಯೋ ಊರುಗೋಲಿಗೆ ಸಮತೋಲ ಚೆನ್ನಾಗಿರಬೇಕು. ಬೀಳೋ ಮುಂಚೆ ಕಂಬಿ ಹಿಡಿಯದೆ ಮೆಟ್ಟಿಲು ಹತ್ತಿಳಿಯುತ್ತಿದ್ದನಾ? ಇಲ್ಲ ಅಂದರೆ ಆ ಯೋಚನೆ ಬಿಡಿ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಹೋದವರಿಗೂ, ವಯಸ್ಸಾದವರಿಗೂ ಬೇಡ. ಒಪ್ಪುವವರು ಕೂಡ ಪಕ್ಕದಲ್ಲಿ ಒಬ್ಬರನ್ನು ನಿಲ್ಲಿಸಿಕೊಂಡು ಕಲಿಯಬೇಕು.

ನನ್ನ ಕೇಳಿದರೆ ಒಳಗೆ ವಾಕರ್, ಹೊರಗೆ ಮೊಣಕೈ ಊರುಗೋಲು (ಕಂಕುಳಿಗೆ ತಾಗದೆ ಮುಂಗೈಗೆ ಆನಿಸೋದು). ಮೆಟ್ಟಿಲು ಹತ್ತುವಾಗ ಒಳ್ಳೆ ಕಾಲು ಮುಂದೆ, ಇಳಿಯುವಾಗ ಊರುಗೋಲು, ಪೆಟ್ಟಾದ ಕಾಲು ಮುಂದೆ. ವಿಡಿಯೋದಲ್ಲಿ ಯಾರೂ ತೋರಿಸದ್ದು ಕಕ್ಕಸು: ನಮ್ಮ ಕಡೆಯ ಕುಕ್ಕರಗಾಲಿನ ಪಾಯಿಖಾನೆಯಲ್ಲಿ ಒಂಟಿ ಕಾಲಲ್ಲಿ ಕೂತೇಳೋಕೆ ಆಗಲ್ಲ. ಸ್ಕೂಟರಿಗಿಂತ ಮೊದಲು ಕಮೋಡ್ ಕುರ್ಚಿ ತನ್ನಿ, ಸ್ನಾನಕ್ಕೆ ಕಾಲು ಜಾರದ ಸ್ಟೂಲ್ ಇಡಿ.

ದುಡ್ಡಿನ ವಿಷಯಕ್ಕೆ ಬಂದರೆ, ಕಂಪನಿಯವರ ಮೇಲೆ ಜಗಳ ಬೇಡ. ವಿಮಾ ನಿಯಂತ್ರಣ ಪ್ರಾಧಿಕಾರ ಐಆರ್‌ಡಿಎಐ ಹೊರಡಿಸಿದ, ಪಾಲಿಸಿಯಲ್ಲಿ ಸಾಮಾನ್ಯವಾಗಿ ಕೊಡದ ವಸ್ತುಗಳ ಪಟ್ಟಿಯಲ್ಲೇ 'ನಡಿಗೆ ಸಾಧನಗಳ ಖರ್ಚು' ಇದೆ. ಮಂಡಿ ಬ್ರೇಸು, ಸ್ಪ್ಲಿಂಟೂ ಅದರಲ್ಲೇ. ಕನ್ಸ್ಯೂಮಬಲ್ಸ್ ರೈಡರ್ (ಇಂಥ ವಸ್ತುಗಳಿಗೆ ಹೆಚ್ಚುವರಿ ರಕ್ಷಣೆ) ತಗೊಂಡಿದ್ದರೆ, ಇಲ್ಲವೇ ಕೆಲಸದ ಕಡೆಯಿಂದ ಮಾಡಿಸಿದ ಗ್ರೂಪ್ ಪಾಲಿಸಿ ಆಗಿದ್ದರೆ ಷರತ್ತು ಓದಿ ನೋಡಿ. ಡಾಕ್ಟರ ಚೀಟಿಯಲ್ಲಿ 'ಆರು ವಾರ ಭಾರ ಹಾಕುವಂತಿಲ್ಲ' ಅಂತ ಬರೆಸಿ, ಜಿಎಸ್‌ಟಿ ಬಿಲ್ ಬೇರೆಯೇ ಇಟ್ಟುಕೊಳ್ಳಿ.

ಪ್ರಶ್ನೆ (ಕ್ಯಾತ್ಸಂದ್ರ): ನಾನು ದಿನಾ ರೈಲಲ್ಲಿ ಬೆಂಗಳೂರಿಗೆ ಹೋಗಿ ಅಮೆರಿಕದ ಮೆಡಿಕಲ್ ಬಿಲ್ಲಿಂಗ್ ಮಾಡೋನು. ಅಲ್ಲಿ ನೀ ಸ್ಕೂಟರಿಗೆ ಬಿಲ್ಲಲ್ಲಿ ಇ0118 ಕೋಡ್, ಬಾಡಿಗೆಗೆ ಆರ್‌ಆರ್, ಹೊಸದಕ್ಕೆ ಎನ್‌ಯು ಮಾಡಿಫೈಯರ್ (ಕೋಡಿನ ಜೊತೆ ಸೇರಿಸೋ ಗುರುತು). ಇಲ್ಲಿ ಅಂಥದ್ದಿಲ್ವಾ?

ಉತ್ತರ: ನಮ್ಮ ಆಸ್ಪತ್ರೆ ಬಿಲ್ಲುಗಳಲ್ಲಿ 'ವಾಕರ್' ಅಂತ ಒಂದು ಸಾಲು, ಅಷ್ಟೇ. ಕೋಡ್ ಇದ್ದ ಮಾತ್ರಕ್ಕೆ ಅಲ್ಲೂ ದುಡ್ಡು ಬರಲ್ಲ, ಅದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು.

ಪ್ರಶ್ನೆ (ವಸಂತನರಸಾಪುರ): ಡ್ಯೂಟಿಗೆ ಹೋಗುವಾಗ ಬಿದ್ದು ನನ್ನ ಪಾದ ಮುರಿದಿದೆ, ಇಎಸ್‌ಐ (ಕಾರ್ಮಿಕರ ವಿಮೆ) ಇದೆ. ಅಂಗವಿಕಲರ ಸ್ಕೀಮಲ್ಲಿ ಸಾಧನ ಸಿಗುತ್ತಾ?

ಉತ್ತರ: ಆ ಸ್ಕೀಮಿಗೆ ಶೇ. 40 ಅಂಗವೈಕಲ್ಯದ ಸರ್ಟಿಫಿಕೇಟು ಬೇಕು, ಕೂಡಿಕೊಳ್ಳೋ ಮೂಳೆಗೆ ಅದು ಸಿಗಲ್ಲ. 60 ದಾಟಿದ ಬಿಪಿಎಲ್‌ನವರಿಗೆ ರಾಷ್ಟ್ರೀಯ ವಯೋಶ್ರೀ ಯೋಜನೆಯ ಶಿಬಿರಗಳಲ್ಲಿ ವಾಕರ್, ಮೊಣಕೈ ಊರುಗೋಲು ಪುಕ್ಕಟೆ ಕೊಡ್ತಾರೆ, ನಿಮಗದು ಅನ್ವಯಿಸಲ್ಲ. ನಿಮಗೆ ಮುಖ್ಯವಾದದ್ದು ಬೇರೆ. ಮನೆಯಿಂದ ಕೆಲಸಕ್ಕೆ ಹೋಗುವ ದಾರಿಯ ಅಪಘಾತ, ಡ್ಯೂಟಿಗೇ ಹೊರಟಿದ್ದು ಅಂತ ಸಾಬೀತಾದರೆ, ಕೆಲಸದ ಗಾಯವೇ. ಹಾಗಾದರೆ ಇಎಸ್‌ಐನಿಂದ ವಾಸಿಯಾಗೋವರೆಗೆ ಕೂಲಿಯ ಸುಮಾರು ಶೇ. 90 ಸಿಗುತ್ತೆ, ಬರೀ ಕಾಯಿಲೆ ರಜೆ ಅಂತ ಬರೆಸಿದರೆ ಶೇ. 70. ಫ್ಯಾಕ್ಟರಿಯವರಿಂದ ಅಪಘಾತದ ವರದಿ ಹೋಗಿದೆಯಾ ಅಂತ ನಾಳೆಯೇ ವಿಚಾರಿಸಿ.

ಪ್ರಶ್ನೆ (ಗುಬ್ಬಿ): ಸರ್, ಅಣ್ಣನ ಮೀನಖಂಡ ಊದಿದೆ, ಒತ್ತಿದರೆ ನೋವು. ಸ್ಕೂಟರ್ ಇನ್ನೂ ತಂದಿಲ್ಲ.

ಉತ್ತರ: ಸ್ಕೂಟರ್ ವಿಷಯ ಬಿಡಿ. ಕಾಲು ಆಡಿಸದೆ ರಕ್ತ ಹೆಪ್ಪುಗಟ್ಟಿರಬಹುದು. ಉಜ್ಜಬೇಡಿ, ಎಣ್ಣೆ ಹಚ್ಚಬೇಡಿ, ಈಗಲೇ ಆಪರೇಷನ್ ಮಾಡಿದ ಡಾಕ್ಟರಿಗೆ ತೋರಿಸಿ. ಎದೆ ನೋವು, ಉಸಿರು ಕಟ್ಟೋದು ಇದ್ದರೆ ನೇರ 108ಕ್ಕೆ ಫೋನ್ ಮಾಡಿ.