ಜೇನು ಬಾಟಲಿಗೂ ಬೊಳಕಾಟ್‌ಗೂ ಒಂದೇ ಲೆನ್ಸ್ ಸಾಕಾ?

ಪ್ರಶ್ನೆ (ವಿರಾಜಪೇಟೆಯಿಂದ): ತೋಟದ ಜೇನು, ಕಾಫಿಪುಡಿ ಆನ್‌ಲೈನ್‌ನಲ್ಲಿ ಮಾರೋಕೆ ಫೋಟೊ ಬೇಕು. ರಾತ್ರಿ ಬೊಳಕಾಟ್ (ದೀಪದ ಸುತ್ತ ಕೊಡವರ ಕುಣಿತ), ಮಡಿಕೇರಿ ದಸರಾ ಮಂಟಪಗಳನ್ನೂ (ಮೆರವಣಿಗೆಯ ಸ್ತಬ್ಧಚಿತ್ರಗಳು) ತೆಗೀಬೇಕು. ಕ್ರಾಪ್ ಸೆನ್ಸರ್ (ಚಿಕ್ಕ ಸೆನ್ಸರ್) ಕ್ಯಾಮೆರಾ, ಜೊತೆಗೇ ಬಂದ 18-55 ಎಂಎಂ ಕಿಟ್ ಲೆನ್ಸ್ ಇದೆ. ಎರಡಕ್ಕೂ ಯಾವ ಲೆನ್ಸ್ ತಗೊಳ್ಳಲಿ?

ಉತ್ತರ: 50 ಎಂಎಂ ಎಫ್ 1.8 ತಗೊಳ್ಳಿ (ಎಫ್ ಸಂಖ್ಯೆ ಚಿಕ್ಕದಾದಷ್ಟೂ ಬೆಳಕು ಹೆಚ್ಚು), ಆದರೆ ರಾತ್ರಿ ಕುಣಿತಕ್ಕೆ. ಬಾಟಲಿಗೆ ಕಿಟ್ ಲೆನ್ಸೇ ಧಾರಾಳ. ಅಲ್ಲಿ ಬೇಕಿರೋದು ಗಟ್ಟಿ ಟ್ರೈಪಾಡ್.

ಜೂಮ್ 50ರ ಆಸುಪಾಸಿನಲ್ಲಿಡಿ. 18ರಲ್ಲಿ ಹತ್ತಿರ ಹೋದರೆ ಬಾಟಲಿ ಆಕಾರ ಕೆಡುತ್ತೆ. ಎಫ್ 8, ಐಎಸ್ಒ (ಸೆನ್ಸರಿನ ಬೆಳಕಿನ ಸಂವೇದನೆ) 100, 2 ಸೆಕೆಂಡ್ ಟೈಮರ್. ಶಟರ್ ಅರ್ಧ ಸೆಕೆಂಡ್‌ಗೆ ಇಳಿದರೂ ಚಿಂತೆಯಿಲ್ಲ, ಬಾಟಲಿ ಓಡಿಹೋಗಲ್ಲ. ಎಫ್ 1.8ರಲ್ಲಿ ಇಷ್ಟು ಹತ್ತಿರದಿಂದ ತೆಗೆದರೆ ಲೇಬಲ್‌ನ ನಡುವಿನ ಅಕ್ಷರ ಮಾತ್ರ ಚೂಪಾಗಿ, ಅಂಚಿನವು ಮಸುಕಾಗುತ್ತವೆ. ಜೇನು ಕಪ್ಪಗೆ ಕಾಣುತ್ತಿದ್ದರೆ ಬಾಟಲಿಗಿಂತ ತುಸು ಕಿರಿದಾದ ಬಿಳಿ ಕಾರ್ಡ್ ಕತ್ತರಿಸಿ, ಹಿಂದೆ ಓರೆಯಾಗಿ ನಿಲ್ಲಿಸಿ. ಕಿಟಕಿ ಬೆಳಕು ಅದಕ್ಕೆ ಬಡಿದು ಜೇನಿನ ಒಳಗಿಂದ ಹಾಯುತ್ತೆ, ಬಣ್ಣ ಏಳುತ್ತೆ. ಟ್ಯೂಬ್‌ಲೈಟ್ ಆರಿಸಿಡಿ, ಇಲ್ಲದಿದ್ದರೆ ಒಂದು ಬದಿ ನೀಲಿ, ಇನ್ನೊಂದು ಬದಿ ಹಸಿರು.

ಮರುಪ್ರಶ್ನೆ: ಕಾಫಿಪುಡಿಯ ಫಾಯಿಲ್ ಪ್ಯಾಕೆಟ್ ತುಂಬಾ ಮಿಂಚುತ್ತೆ. ಪೋಲರೈಸರ್ (ಪ್ರತಿಫಲನ ತಗ್ಗಿಸುವ ಫಿಲ್ಟರ್) ಹಾಕಲಾ?

ಉತ್ತರ: ಗಾಜಿಗಾದರೆ ಸರಿ, ಲೋಹದ ಮಿಂಚಿಗೆ ಅದು ಹೆಚ್ಚೇನೂ ಮಾಡಲ್ಲ. ಕಿಟಕಿಗೆ ತೆಳು ಬಿಳಿ ಬಟ್ಟೆ ಕಟ್ಟಿ.

ಇನ್ನು ರಾತ್ರಿ. ಕಿಟ್ ಲೆನ್ಸ್ 55ರಲ್ಲಿ ಎಫ್ 5.6, ಅದಕ್ಕಿಂತ ಎಫ್ 1.8 ಸುಮಾರು 10 ಪಟ್ಟು ಬೆಳಕು ಒಳಗೆ ಬಿಡುತ್ತೆ. ಅಂದರೆ ಅದೇ ಐಎಸ್ಒನಲ್ಲಿ 1/25 ಇದ್ದ ಶಟರ್ 1/250 ಆಗುತ್ತೆ. ಕುಣಿಯುವವರು ಬೀಸುವ ಚವರಿ (ಕೂದಲಿನ ಕುಚ್ಚು) ಫೋಟೊದಲ್ಲಿ ಮಸುಕಾಗದೆ ನಿಲ್ಲೋದು ಅಲ್ಲೇ. ಇಮೇಜ್ ಸ್ಟೆಬಿಲೈಸರ್ ನಿಮ್ಮ ಕೈ ನಡುಕ ತಡೆಯುತ್ತೆ, ಕುಣಿಯುವವರನ್ನಲ್ಲ. ಕಪ್ಪು ಕುಪ್ಯ (ಕೊಡವರ ಉದ್ದ ಕೋಟು), ಸುತ್ತ ಕತ್ತಲು: ಕ್ಯಾಮೆರಾದ ಬೆಳಕಿನ ಮೀಟರ್ ಮೋಸಹೋಗಿ ಮುಖ, ದೀಪ ಎರಡೂ ಬೆಳ್ಳಗಾಗುತ್ತವೆ. ಎಕ್ಸ್‌ಪೋಶರ್ ಕಾಂಪನ್ಸೇಶನ್ (ಚಿತ್ರದ ಬೆಳಕು ಹೆಚ್ಚು-ಕಡಿಮೆ ಮಾಡುವ ಸೆಟ್ಟಿಂಗ್) ಮೈನಸ್ 1 ಇಡಿ.

ಮಂಟಪಗಳ ಕತೆಯೇ ಬೇರೆ. ಆ ಜನಸಂದಣಿಯಲ್ಲಿ ಹಿಂದೆ ಸರಿಯೋಕೆ ಜಾಗ ಎಲ್ಲಿ? 50ರಲ್ಲಿ ಮಂಟಪ ಹಿಡಿಯಲ್ಲ, ಪೂರ್ತಿ ಬೇಕಿದ್ದರೆ ಕಿಟ್ ಲೆನ್ಸಿನ 18ಕ್ಕೇ ಬನ್ನಿ. ಎಲ್‌ಇಡಿ ಬೆಳಕಲ್ಲಿ ಚಿತ್ರದ ಮೇಲೆ ಅಡ್ಡಪಟ್ಟೆ ಬಂದರೆ ಸೈಲೆಂಟ್ ಶಟರ್ ಆಫ್ ಮಾಡಿ, ವೇಗ 1/100ಕ್ಕೆ ಇಳಿಸಿ. 50 ಹರ್ಟ್ಸ್ ಕರೆಂಟಿನಲ್ಲಿ ದೀಪ ಸೆಕೆಂಡಿಗೆ 100 ಸಲ ಮಿನುಗುತ್ತೆ. ಹೊಗೆ ಬಿಟ್ಟಾಗ ಆಟೋಫೋಕಸ್ ತಡಕಾಡುತ್ತೆ, ಸಿಂಗಲ್ ಪಾಯಿಂಟನ್ನು (ಒಂದೇ ಫೋಕಸ್ ಬಿಂದು) ಮೂರ್ತಿಯ ಕಿರೀಟದ ಅಂಚಿಗೆ ಇಡಿ.

ಇನ್ನೊಬ್ಬರು (ಸೋಮವಾರಪೇಟೆಯಿಂದ): ಮಳೆಗಾಲದಲ್ಲಿ ಲೆನ್ಸ್ ಬ್ಯಾಗಲ್ಲೇ ಇಟ್ಟರೆ ಫಂಗಸ್ ಬರುತ್ತಾ?

ಉತ್ತರ: ನಮ್ಮ ಊರಲ್ಲಿ ಬರದೇ ಇದ್ದರೆ ಆಶ್ಚರ್ಯ. ಗಾಳಿಯಾಡದ ಡಬ್ಬ, ಸಿಲಿಕಾ ಜೆಲ್, ಒಳಗೊಂದು ಹೈಗ್ರೋಮೀಟರ್ (ತೇವ ಅಳೆಯುವ ಮಾಪಕ). ತೇವ 40-50 ಶೇಕಡಾ ಇರಲಿ. ಜೆಲ್ ಬಣ್ಣ ಬದಲಾದ ಕೂಡಲೇ ಬಿಸಿಮಾಡಿ ಒಣಗಿಸಿ.