ಮಾಮಾ ಕಳಿಸಿದ ಕೊಬ್ಬಿನ ಕಣ

ಬೀದರ್ ಮಾಮಾ: ಫಾರ್ವರ್ಡ್ ಬಂದಿದೆ, ಎಲ್ಲರೂ ಓದಿ. ಕೊಬ್ಬಿನ ಸಣ್ಣ ಕಣದಲ್ಲಿ ಔಷಧ ತುಂಬಿ ನೇರ ಕ್ಯಾನ್ಸರ್ ಗಡ್ಡೆಗೇ ಮುಟ್ಟಿಸುತ್ತಾರಂತೆ. ಇನ್ನು ಕಿಮೋ ಬೇಕಿಲ್ಲ!!

ಕಾಕಾ: ಹಂಗಾದರೆ ಕಾಕಿಯ ಬುಧವಾರದ ಕಿಮೋ ಮುಂದೆ ಹಾಕೋಣವೇನು? ಹೋದ ಸಲದ್ದಕ್ಕೇ ಇವಳು ಸುಸ್ತಾಗಿದ್ದಾಳೆ.

ಫಾರ್ಮಸಿ ಅಕ್ಕ: ಬೇಡವೇ ಬೇಡ ಕಾಕಾ. ಮಾಮಾ, ಕಣದ ವಿಷಯ ಖರೆ. ಆದರೆ ಕಣ ಬರೀ ಗಾಡಿ, ಒಳಗೆ ಕೂರೋದು ಅದೇ ಕಿಮೋ ಔಷಧ. "ಕಿಮೋ ಬೇಕಿಲ್ಲ" ಅಂತ ಯಾರು ಸೇರಿಸಿದರೋ.

ಬೀದರ್ ಮಾಮಾ: ಕೊಬ್ಬು ಅಂದರೆ ತುಪ್ಪವೇ ಅಲ್ವಾ? ನಮ್ಮ ಅಜ್ಜಿ ಎಲ್ಲ ಔಷಧವನ್ನೂ ತುಪ್ಪದಲ್ಲೇ ಕಲಸಿ ಕೊಡುತ್ತಿದ್ದಳು.

ಫಾರ್ಮಸಿ ಅಕ್ಕ: ತುಪ್ಪ ನಮ್ಮ ಕಲಬುರಗಿ ಬಿಸಿಲಿಗೆ ಡಬ್ಬಿಯಲ್ಲೇ ನೀರಾಗುತ್ತದೆ. ಮೈಯೊಳಗೆ 37 ಡಿಗ್ರಿ, ಅಲ್ಲೂ ಗಟ್ಟಿಯಾಗಿ ಇರಬೇಕು. ಅದಕ್ಕೇ ಸ್ಟಿಯರಿಕ್ ಆಸಿಡ್ ಥರದ ಗಟ್ಟಿ ಕೊಬ್ಬು ಹಾಕುತ್ತಾರೆ, ಅದು ಕರಗೋದು 69ರ ಹತ್ತಿರ. ಕರಗಿಸಿ, ಔಷಧ ಬೆರೆಸಿ, ಬಿಸಿನೀರಲ್ಲಿ ಜೋರಾಗಿ ಕಡೆದು ಆರಿಸಿದರೆ ಕಣ, ಕೂದಲಿನ ದಪ್ಪಕ್ಕಿಂತ ನೂರಾರು ಪಟ್ಟು ಸಣ್ಣದು. ತೊಂದರೆ ಆಮೇಲೆ. ಹೆಪ್ಪುಗಟ್ಟಿದ ತುಪ್ಪದಲ್ಲಿ ಕಾಳು ಕೆಳಗೆ, ಎಣ್ಣೆಯಂಥ ತಿಳಿ ಮೇಲೆ ಬೇರೆ ಆಗುತ್ತದಲ್ಲ, ಹಾಗೇ ಈ ಕಣದ ಕೊಬ್ಬೂ ಹರಳುಗಟ್ಟಿ ಇಟ್ಟಲ್ಲೇ ಬಿಗಿಯಾಗುತ್ತಾ ಔಷಧವನ್ನು ಹೊರಗೆ ನೂಕುತ್ತದೆ. 1990ರ ದಶಕದಿಂದ ಇದರ ಹಿಂದೆ ಬಿದ್ದಿದ್ದಾರೆ. ರಕ್ತಕ್ಕೆ ಬಿಟ್ಟರೂ ಬಹಳಷ್ಟನ್ನು ಲಿವರ್, ಗುಲ್ಮ ಹಿಡಿದುಕೊಳ್ಳುತ್ತವೆ. ನೇರ ಗಡ್ಡೆಗೆ ಅಂತೆ!

ಬೀದರ್ ಮಾಮಾ: ಮತ್ತೆ 2021ರಲ್ಲಿ ಬ್ಲ್ಯಾಕ್ ಫಂಗಸ್ ಬಂದಾಗ ಕೊಬ್ಬಿನ ಇಂಜೆಕ್ಷನ್ ಹುಡುಕಿ ಊರೂರು ಅಲೆದೆವಲ್ಲ, ಅದು ಸುಮ್ನೆ ಏನವ್ವಾ?

ಫಾರ್ಮಸಿ ಅಕ್ಕ: ಸುಮ್ನೆ ಅಲ್ಲ, ಅದು ಒಳ್ಳೆಯದೇ. ಆದರೆ ಅದು ಲೈಪೋಸೋಮ್, ಕೊಬ್ಬಿನ ತೆಳು ಪೊರೆಯ ಗುಳ್ಳೆ, ಒಳಗೆ ನೀರು. ಫಂಗಸ್‌ನ ಔಷಧ ಆಂಫೋಟೆರಿಸಿನ್ ಹಳೇ ರೂಪದಲ್ಲಿ ಕಿಡ್ನಿಗೆ ಜಾಸ್ತಿ ಪೆಟ್ಟು ಕೊಡುತ್ತಿತ್ತು, ಗುಳ್ಳೆಯಲ್ಲಿ ಕೊಟ್ಟರೆ ಕಡಿಮೆ. ಕಿಮೋದಲ್ಲೂ ಡಾಕ್ಸೊರೂಬಿಸಿನ್ ಅನ್ನೋ ಔಷಧ ಹಾಗೇ ಗುಳ್ಳೆಯಲ್ಲಿ 1995ರಿಂದ ಇದೆ. ಹೃದಯಕ್ಕೆ ತೊಂದರೆ ಕಡಿಮೆ, ಆದರೆ ಕೆಲವರಿಗೆ ಅಂಗೈ ಅಂಗಾಲು ಸುಲಿಯುತ್ತವೆ. ಎಲ್ಲ ಗಡ್ಡೆಗೂ ಕೊಡಲ್ಲ. ಕಾಕಿಗೆ ಆಗುತ್ತದಾ ಅಂತ ಡಾಕ್ಟರನ್ನೇ ಕೇಳೋಣ, ಆದರೆ ತಾರೀಖು ತಪ್ಪಿಸಿ ಅಲ್ಲ.

ಕಾಕಿ: ನಾನೂ ಇದೇ ಗುಂಪಿನಲ್ಲಿ ಇದ್ದೀನಿ, ಯಾರೂ ಕೇಳಲಿಲ್ಲ. ಬುಧವಾರ ಹೋಗುತ್ತೀನಿ. ಗಾಡಿ ಯಾರು ತರುತ್ತೀರಿ?

ಕಾಕಾ: 🙏

ಬೀದರ್ ಮಾಮಾ: ನಾನು ಬೆಳಿಗ್ಗೆ 6ಕ್ಕೇ ಬೀದರ್ ಬಿಡುತ್ತೀನಿ. ಫಾರ್ವರ್ಡ್ ಮಾತ್ರ ಅಳಿಸಲ್ಲ. ಕಣದ ವಿಷಯ ಖರೆ ಅಂತ ಅವಳೇ ಹೇಳಿದಳಲ್ಲ.